ಹದಿನೇಳನೆಯ ಕರಡಿ ಊರಂಚಿಗೆ ಬಂದ ಬೇಸಿಗೆ

ಜೂನ್ ಮೊದಲ ವಾರದ ಸೋಮವಾರ ಬೆಳಿಗ್ಗೆ ಉತ್ತರ ಸ್ವೀಡನ್ನಿನ ಉಮೆಯೊದ ಕಚೇರಿಯಲ್ಲಿ ಕಾಫಿ ಲೋಟ ಪಕ್ಕಕ್ಕಿಟ್ಟು ವಾರಾಂತ್ಯದ ಚುಕ್ಕೆಗಳನ್ನು ತೆರೆದೆ. ಹದಿನೇಳು ಇರಬಾರದ ಜಾಗದಲ್ಲಿತ್ತು.

ನಮ್ಮ ಅಧ್ಯಯನದಲ್ಲಿ ಕರಡಿಗಳಿಗೆ ಹೆಸರಿಡುವುದಿಲ್ಲ, ನಂಬರ್ ಕೊಡುತ್ತೇವೆ. ಹದಿನೇಳು ಎಂದರೆ ಹನ್ನೊಂದು ವರ್ಷದ ಹೆಣ್ಣು ಕಂದು ಕರಡಿ, ಆ ವರ್ಷ ಮೂರು ಮರಿಗಳ ತಾಯಿ. ಅಮೆರಿಕದಲ್ಲಿ ಗ್ರಿಜ್ಲಿ ಎಂದು ಕರೆಯುವುದೂ ಇದೇ ಜಾತಿಯ ಕರಡಿಯನ್ನೇ. ಸ್ವೀಡನ್ನಿನದು ಗಾತ್ರದಲ್ಲಿ ಸ್ವಲ್ಪ ಚಿಕ್ಕದು, ಮನುಷ್ಯರ ವಾಸನೆ ಬಂದರೆ ಸದ್ದಿಲ್ಲದೆ ಜಾಗ ಖಾಲಿ ಮಾಡುವ ಸ್ವಭಾವದ್ದು. ಹದಿನೇಳರ ಕತ್ತಿನ ಕಾಲರ್ ಅರ್ಧ ಗಂಟೆಗೊಮ್ಮೆ ತಾನಿರುವ ಜಾಗವನ್ನು ನಮ್ಮ ಸರ್ವರಿಗೆ ಕಳಿಸುತ್ತದೆ. ನಕ್ಷೆಯ ಮೇಲೆ ಒಂದೊಂದು ಸಂದೇಶವೂ ಒಂದು ಚುಕ್ಕೆ. ಶುಕ್ರವಾರ ಸಂಜೆಯಿಂದ ಆ ಚುಕ್ಕೆಗಳೆಲ್ಲ ಐದೇ ಮನೆಗಳ ಒಂದು ಪುಟ್ಟ ಊರಿನ ಅಂಚಿನಲ್ಲಿ ಗುಂಪಾಗಿ ಬಿದ್ದಿದ್ದವು. ಅಳತೆ ಪಟ್ಟಿ ಎಳೆದು ನೋಡಿದೆ. ಕೊನೆಯ ಮನೆಯಿಂದ ನೂರ ಎಂಬತ್ತು ಮೀಟರ್.

ಅಧ್ಯಯನದ ಮುಖ್ಯಸ್ಥೆಗೆ ತೋರಿಸಿದೆ. ಮೂವತ್ತು ವರ್ಷ ಕರಡಿಗಳ ಹಿಂದೆ ಓಡಾಡಿದ ಜೀವವಿಜ್ಞಾನಿ ಅವರು. ಕನ್ನಡಕ ಹಣೆಗೇರಿಸಿಕೊಂಡು ನೋಡಿದರು.

"ಇದು ಕೂಡುವ ಕಾಲ. ಗಂಡುಗಳು ಊರೂರು ಅಲೆಯುತ್ತವೆ. ತಮ್ಮದಲ್ಲದ ಮರಿ ಸಿಕ್ಕರೆ ಕೊಲ್ಲುತ್ತವೆ. ಮರಿ ಸತ್ತರೆ ತಾಯಿ ಕೆಲವೇ ದಿನಗಳಲ್ಲಿ ಮತ್ತೆ ಬೆದೆಗೆ ಬರುತ್ತಾಳೆ, ಅದಕ್ಕೆ. ದೊಡ್ಡ ಗಂಡುಗಳು ಮನೆಗಳ ಹತ್ತಿರ ಬರೋದಿಲ್ಲ. ಬುದ್ಧಿವಂತ ತಾಯಂದಿರು ಮರಿ ಕಟ್ಟಿಕೊಂಡು ಮನುಷ್ಯರ ಕಡೆಗೆ ಸರಿದುಬಿಡ್ತಾರೆ."

"ಇಷ್ಟು ಹತ್ತಿರಕ್ಕಾ?"

ಅವರು ನಕ್ಷೆಯನ್ನು ಹಿಗ್ಗಿಸಿ ನೋಡಿದರು. "ಇಷ್ಟು ಹತ್ತಿರ ನಾನು ಹೆಚ್ಚು ನೋಡಿಲ್ಲ" ಎಂದರು.

ಆ 'ಹೆಚ್ಚು ನೋಡಿಲ್ಲ' ನನ್ನ ತಲೆಯಲ್ಲಿ ಕೂತುಬಿಟ್ಟಿತು. ಇಲ್ಲಿಗೆ ಬರುವ ಮುಂಚೆ ದಕ್ಷಿಣ ಸ್ವೀಡನ್ನಿನ ಲಿಂಡ್‌ಹೋಲ್ಮೆನ್‌ನಲ್ಲಿ ಲಾರಿಗಳ ಜಾಡು ನೋಡುವ ಸಾಫ್ಟ್‌ವೇರ್ ಬರೆಯುತ್ತಿದ್ದೆ. ದಾರಿ ಬಿಟ್ಟು ಲಾರಿ ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು, ಅಲ್ಲಿ ಡೀಸೆಲ್ ಕಡಿಮೆಯಾಯಿತೇ, ಇದನ್ನು ಪತ್ತೆಹಚ್ಚುವುದೇ ನನ್ನ ಕೆಲಸವಾಗಿತ್ತು. ಒಂದೇ ಜಾಗದಲ್ಲಿ ಗುಂಪಾಗಿ ಬಿದ್ದ ಚುಕ್ಕೆಗಳನ್ನು ಕಂಡರೆ ನನಗೆ ಮೊದಲು ಬರುವ ಯೋಚನೆ ಕಳ್ಳತನದ್ದೇ.

ಅನುಮಾನಕ್ಕೆ ಕಾರಣವೂ ಇತ್ತು. ಹಿಂದಿನ ಶರತ್ಕಾಲದಲ್ಲಿ ನಮ್ಮ ಇನ್ನೊಂದು ಕರಡಿಯ ಕಾಲರ್ ಮೂರು ದಿನ ಒಂದೇ ಜಾಗದಿಂದ ಸಿಗ್ನಲ್ ಕೊಟ್ಟಿತ್ತು. ಹೋಗಿ ನೋಡಿದರೆ ತೊರೆಯ ಕಲ್ಲುಗಳ ನಡುವೆ ಬರೀ ಪಟ್ಟಿ ಬಿದ್ದಿತ್ತು, ಚಾಕುವಿನಿಂದ ನೇರವಾಗಿ ಕತ್ತರಿಸಿದ್ದು. ಕರಡಿ ಸಿಗಲಿಲ್ಲ. ಪೊಲೀಸರು ಬಂದು ಹೋದರು. ಯಾರು ಎಂದು ಕೊನೆಗೂ ಗೊತ್ತಾಗಲಿಲ್ಲ. ಅಂದಿನಿಂದ ನಕ್ಷೆಯನ್ನು ಯಾರು ಯಾವಾಗ ತೆರೆಯುತ್ತಾರೆಂಬ ದಾಖಲೆ ಇಡುವ ವ್ಯವಸ್ಥೆಯನ್ನು ನಾನೇ ಮಾಡಿದ್ದೆ, ಆದರೆ ಆ ದಾಖಲೆಯನ್ನು ತೆರೆದು ನೋಡುವ ಪ್ರಸಂಗ ಬಂದಿರಲಿಲ್ಲ.

ಅವತ್ತು ಮಧ್ಯಾಹ್ನ ತೆರೆದೆ. ಮೇ ಕೊನೆಯಿಂದ ಹದಿನೇಳರ ಚುಕ್ಕೆಗಳನ್ನು ಒಬ್ಬರೇ ಒಬ್ಬರು ದಿನಕ್ಕೆರಡು ಸಲ ನೋಡುತ್ತಿದ್ದರು. ಬೆಳಿಗ್ಗೆ ಆರಕ್ಕೆ ಒಮ್ಮೆ, ಸಂಜೆ ಐದರ ಸುಮಾರಿಗೆ ಇನ್ನೊಮ್ಮೆ. ಶನಿವಾರ, ಭಾನುವಾರವೂ ತಪ್ಪದೆ. ಬೇರೆ ಕರಡಿಗಳನ್ನು ಅವರು ಮುಟ್ಟಿಯೂ ಇರಲಿಲ್ಲ.

ಅದು ನಮ್ಮ ಜಾಡುಗಾರರ ಲಾಗಿನ್. ಆ ಐದು ಮನೆಗಳಲ್ಲಿ ಕೊನೆಯದು ಅವರದೇ.

ಜಾಡುಗಾರರು ಅರವತ್ತು ದಾಟಿದ ಬೇಟೆಗಾರರು. ಬೇಸಿಗೆಯಲ್ಲಿ ನಮಗೆ ಕಾಡಿನ ದಾರಿ ತೋರಿಸುತ್ತಿದ್ದರು, ಆಗಸ್ಟ್ ಕೊನೆಯಿಂದ ಪರವಾನಗಿ ಪಡೆದು ಕರಡಿ ಬೇಟೆಗೆ ಹೋಗುತ್ತಿದ್ದರು. ಇಲ್ಲಿ ಅದು ವಿಚಿತ್ರವೇನಲ್ಲ. ಕಾಡು ಗೊತ್ತಿರುವವರು ಬೇಟೆಗಾರರೇ. ಮಾತು ಕಡಿಮೆ. ಹೌದು ಎನ್ನಬೇಕಾದರೂ ಬಾಯಿ ತೆರೆಯದೆ, ತುಟಿಗಳ ನಡುವಿನಿಂದ ಉಸಿರನ್ನು ಒಳಕ್ಕೆ ಎಳೆದುಕೊಂಡು 'ಶ್ಯುಪ್' ಎಂದು ಸದ್ದು ಮಾಡುವರು. ಉತ್ತರ ಸ್ವೀಡನ್ನಿನವರು ಹಾಗೇ. ಮೊದಲ ಸಲ ಕೇಳಿದಾಗ ನನ್ನ ಮಾತಿಗೆ ಬೆಚ್ಚಿಬಿದ್ದರೇನೋ ಅಂದುಕೊಂಡಿದ್ದೆ. ಸ್ವೀಡಿಷ್‌ನಲ್ಲಿ ಎಲ್ಲರಿಗೂ ಒಂದೇ 'ನೀನು'. ಅವರಿಗೆ ನಾನು ಹಾಗೇ ಅನ್ನುತ್ತಿದ್ದೆ. ಕನ್ನಡದಲ್ಲಿ ಬರೆಯುವಾಗ ಮಾತ್ರ ಕೈ ತಾನಾಗಿಯೇ 'ನೀವು' ಎಂದು ಬರೆಯುತ್ತದೆ.

ಮನೆಯಲ್ಲಿ ಊಟದ ಮೇಜಿನ ಮೇಲೂ ಲ್ಯಾಪ್‌ಟಾಪ್ ತೆರೆದೇ ಇತ್ತು.

"ಏನೇ, ಸಾರು ಆರಿಹೋಗ್ತಿದೆ. ಮತ್ತೆ ಆ ಕರಡಿನಾ?" ಎಂದ ಗಂಡ.

"ಕರಡಿದಲ್ಲ ಕಣೋ, ಮನುಷ್ಯಂದು. ಇಲ್ನೋಡು, ದಿನಾ ಎರಡು ಸಲ ಲಾಗಿನ್. ಪ್ರಾಜೆಕ್ಟ್ ರೂಲ್ ಪ್ರಕಾರ ಫೀಲ್ಡ್‌ಗೆ ಹೋಗೋ ದಿನ ಮಾತ್ರ ನೋಡ್ಬೇಕು."

"ಲಾಗಿನ್ ಮಾಡಿದ್ರೆ ಕಳ್ಳನಾ? ನಾನು ದಿನಾ ಇಪ್ಪತ್ತು ಸಲ ವೆದರ್ ಆಪ್ ನೋಡ್ತೀನಿ. ನನ್ನೂ ಹಿಡ್ಕೊಡು."

"ಮನೆ ಪಕ್ಕದಲ್ಲೇ ಕರಡಿ ಇದೆ. ಆಗಸ್ಟ್‌ಗೆ ಬೇಟೆ ಶುರು. ಈಗಿಂದಾನೇ ಏನಾದ್ರೂ ತಿನ್ನೋಕೆ ಹಾಕಿ ಅಭ್ಯಾಸ ಮಾಡಿಸ್ತಿದ್ರೆ?"

"ಅವರನ್ನೇ ಕೇಳ್ಬಿಡು. ಸಿಂಪಲ್."

"ಕೇಳಿದ್ರೆ ಎಚ್ಚೆತ್ಕೊಳ್ತಾರೆ."

ಅವನು ತಟ್ಟೆಯನ್ನು ನನ್ನ ಕಡೆ ತಳ್ಳಿದ. "ಲಾರಿ ಡ್ರೈವರ್‌ಗಳ ವಿಷಯಕ್ಕೂ ನೀನು ಇದೇ ಡೈಲಾಗ್ ಹೊಡೀತಿದ್ದೆ."

ಗುರುವಾರ ಚುಕ್ಕೆಗಳ ಗುಂಪನ್ನು ನೋಡಲು ಹೊರಟೆ. ನಮ್ಮ ಕೆಲಸದ ಮುಖ್ಯ ಭಾಗವೇ ಇದು. ಕರಡಿ ಒಂದೇ ಜಾಗದಲ್ಲಿ ಹೆಚ್ಚು ಹೊತ್ತು ಇದ್ದರೆ, ಅದು ಅಲ್ಲಿಂದ ಕನಿಷ್ಠ ಒಂದು ಕಿಲೋಮೀಟರ್ ದೂರ ಹೋದ ಮೇಲೆ ನಾವು ಆ ಜಾಗಕ್ಕೆ ಹೋಗಿ, ಅದು ಏನು ಮಾಡಿತೆಂದು ದಾಖಲಿಸುತ್ತೇವೆ. ಮಲಗಿತ್ತೇ, ತಿಂದಿತೇ, ಏನು ತಿಂದಿತು. ಕಾರಿನಲ್ಲಿ ಉಮೆಯೊದಿಂದ ಪಶ್ಚಿಮಕ್ಕೆ ಎರಡೂವರೆ ಗಂಟೆ, ಕೊನೆಯ ಅರ್ಧ ಗಂಟೆ ಜಲ್ಲಿ ರಸ್ತೆ. ಆ ಊರಿನ ಅಂಚೆ ಡಬ್ಬಗಳ ಸಾಲಿನ ಬಳಿ ಕಾರು ನಿಲ್ಲಿಸಿ ಕಾಲರಿನ ಸಿಗ್ನಲ್ ಹಿಡಿಯುವ ಆಂಟೆನಾ ಜೋಡಿಸುತ್ತಿದ್ದಾಗ ಜಾಡುಗಾರರ ನೆರೆಮನೆಯ ಹೆಂಗಸೊಬ್ಬರು ಕಳೆ ಕೀಳುವುದನ್ನು ಬಿಟ್ಟು ನೇರ ನನ್ನ ಹತ್ತಿರ ಬಂದರು.

"ಕರಡಿ ತಂದು ಬಿಡೋರು ನೀವೇನಾ?"

"ಬಿಡೋದಿಲ್ಲ. ಎಲ್ಲಿರ್ತವೆ ಅಂತ ನೋಡ್ತೀವಿ, ಅಷ್ಟೆ."

"ಹಾಗಾದ್ರೆ ಈಗ ಎಲ್ಲಿದೆ ಹೇಳು."

ಹೇಳುವಂತಿರಲಿಲ್ಲ. ಹೇಳಲಿಲ್ಲ. ಅವರು ನನ್ನನ್ನೂ ಆಂಟೆನಾವನ್ನೂ ಕಾರಿನ ನಂಬರ್ ಪ್ಲೇಟನ್ನೂ ನಿಧಾನವಾಗಿ ನೋಡಿ, ಮೊಬೈಲ್ ತೆಗೆದು ಪ್ಲೇಟಿನ ಫೋಟೋ ತೆಗೆದುಕೊಂಡು ಹೋದರು. ಅಷ್ಟು ಹೊತ್ತಿಗೆ ಜಾಡುಗಾರರು ಬಂದರು.

ಇಬ್ಬರೂ ಕಾಡಿಗೆ ನುಗ್ಗಿದೆವು. ಆಗ ಹದಿನೇಳು ಪೂರ್ವಕ್ಕೆ ಒಂದೂವರೆ ಕಿಲೋಮೀಟರ್ ದೂರದ ಜೌಗಿನಲ್ಲಿತ್ತು. ಆದರೂ ನಡೆಯುವಾಗ ಜೋರಾಗಿ ಮಾತಾಡುತ್ತಿರಬೇಕು. ಕರಡಿಗೆ ನಾವು ಬರುವುದು ತಿಳಿಯಬೇಕು, ಥಟ್ಟನೆ ಎದುರು ಬೀಳಬಾರದು. ಸ್ವೀಡಿಷ್‌ನಲ್ಲಿ ಅಷ್ಟು ಮಾತು ನನಗೆ ಬರುವುದಿಲ್ಲ. ಅದಕ್ಕೆ ಹದಿಮೂರರ ಮಗ್ಗಿ, ಹದಿನಾಲ್ಕರ ಮಗ್ಗಿ ಹೇಳುತ್ತಾ ಹೋಗುತ್ತೇನೆ. ಬೇರೆ ದಿನಗಳಲ್ಲಿ ಜಾಡುಗಾರರು ಅದಕ್ಕೆ ನಗುತ್ತಿದ್ದರು. ಅವತ್ತು ನಗಲಿಲ್ಲ. ಅದನ್ನೂ ಗಮನಿಸಿ ಇಟ್ಟುಕೊಂಡೆ.

ಸ್ಪ್ರೂಸ್ ಮರದ ಬುಡದಲ್ಲಿ ಹಗಲು ಮಲಗುವ ಹಾಸಿಗೆಗಳು ನಾಲ್ಕು ಸಿಕ್ಕವು. ಪಾಚಿ ಕೆರೆದು, ಸಣ್ಣ ರೆಂಬೆ ಮುರಿದು ಹಾಸಿದ ಬೋಗುಣಿಯಂಥ ತಗ್ಗುಗಳು. ಒಂದರ ಅಂಚಿನ ಮರದ ತೊಗಟೆಯ ಮೇಲೆ ಮರಿಗಳು ಹತ್ತಿ ಇಳಿದ ಉಗುರಿನ ಗೀರುಗಳಿದ್ದವು. ಪಕ್ಕದಲ್ಲಿ ಒಡೆದ ಇರುವೆ ಗೂಡು, ಮಗುಚಿದ ಕೊಳೆತ ಬೊಡ್ಡೆ. ಕೂದಲನ್ನು ಲಕೋಟೆಗೆ, ಹಿಕ್ಕೆಯನ್ನು ಚೀಲಕ್ಕೆ ಹಾಕಿದೆ. ಹಿಕ್ಕೆಯನ್ನು ಅಲ್ಲೇ ಕಡ್ಡಿಯಿಂದ ಬಿಡಿಸಿ ನೋಡಿದೆ: ಹುಲ್ಲಿನ ನಾರು, ಇರುವೆಗಳ ತಲೆ, ಹೋದ ವರ್ಷದ ಹಣ್ಣಿನ ಸಿಪ್ಪೆ. ಧಾನ್ಯ ಇಲ್ಲ. ಫಾರಂನಲ್ಲಿ ಹಾಗೇ ಬರೆದೆ.

"ಇಲ್ಲಿ ಯಾರಾದ್ರೂ ಏನಾದ್ರೂ ಹಾಕ್ತಾರಾ? ತಿನ್ನೋಕೆ?" ಎಂದು ಸುಮ್ಮನೆ ಕೇಳುವವಳಂತೆ ಕೇಳಿದೆ.

ಜಾಡುಗಾರರು ನನ್ನನ್ನು ನೋಡಲಿಲ್ಲ. "ಇಲ್ಲ" ಎಂದರು.

ಹಿಂದಿರುಗುವಾಗ ಅವರ ಮನೆಯ ಹಿಂಬದಿಯಿಂದ ಬಂದೆವು. ಕೊಟ್ಟಿಗೆಯ ಹಿಂದೆ, ಕಾಡಿನ ಅಂಚಿನಲ್ಲಿ, ಹುಲ್ಲು ಒಂದು ಗುಂಡಗಿನ ಆಕಾರದಲ್ಲಿ ಹಳದಿಯಾಗಿತ್ತು. ಅಲ್ಲಿ ಏನೋ ಭಾರವಾದದ್ದು ಬಹಳ ದಿನ ಇದ್ದು ಈಚೆಗೆ ತೆಗೆದದ್ದು. ಅಲ್ಲಿಂದ ಎಳೆದ ಗುರುತು ಕೊಟ್ಟಿಗೆಯ ಬಾಗಿಲವರೆಗೆ ಹೋಗಿತ್ತು. ದಾರಿಯುದ್ದಕ್ಕೂ ಓಟ್ಸ್ ಕಾಳು ಚೆಲ್ಲಿತ್ತು. ಬಾಗಿಲ ಸಂದಿಯಿಂದ ನೀಲಿ ಪ್ಲಾಸ್ಟಿಕ್ ಡ್ರಮ್ಮೊಂದು ಕಾಣಿಸಿತು. ಜಾಡುಗಾರರು ನನ್ನ ನೋಟ ಹೋದ ಕಡೆ ನೋಡಿ, ಕಾಲಿನಿಂದ ಬಾಗಿಲನ್ನು ಮುಚ್ಚಿದರು. ಕೆನಲ್ಲಿನಲ್ಲಿ ಅವರ ಎರಡು ಬೇಟೆನಾಯಿಗಳು ಕಂಬಿಗೆ ಮೂಗು ಒತ್ತಿ ಕುಂಯ್‌ಗುಡುತ್ತಿದ್ದವು. ಕಾಫಿಗೆ ಬಾ ಎಂದು ಕರೆಯದೆ ಅವರು ನನ್ನನ್ನು ಕಳಿಸಿದ್ದು ಅದೇ ಮೊದಲು.

ಕಾರಿನಲ್ಲೇ ಕೂತು ಮುಖ್ಯಸ್ಥೆಗೆ ಇಮೇಲ್ ಬರೆದೆ. ದಿನಕ್ಕೆರಡು ಲಾಗಿನ್, ಮನೆಯಿಂದ ನೂರ ಎಂಬತ್ತು ಮೀಟರ್, ಓಟ್ಸ್, ಅಡಗಿಸಿಟ್ಟ ಡ್ರಮ್, ಮುಚ್ಚಿದ ಬಾಗಿಲು. ಹಿಕ್ಕೆಯಲ್ಲಿ ಧಾನ್ಯ ಇರಲಿಲ್ಲ ಎಂಬುದನ್ನು ಬರೆಯಲಿಲ್ಲ. ಮರೆತು ಬಿಟ್ಟದ್ದಲ್ಲ. ಒಂದು ಹಿಕ್ಕೆಯಿಂದ ಏನೂ ಸಾಬೀತಾಗುವುದಿಲ್ಲ, ಅದು ಫಾರಂನಲ್ಲಿ ಹೇಗೂ ಇದೆ, ಇಮೇಲಿನಲ್ಲಿ ಬೇಡ ಎಂದು ಯೋಚಿಸಿಯೇ ಬಿಟ್ಟೆ.

ಮರುದಿನ ಮುಖ್ಯಸ್ಥೆ ಬಾಗಿಲು ಹಾಕಿಕೊಂಡು ಮಾತಾಡಿದರು. ಹತ್ತು ವರ್ಷದಿಂದ ಬಲ್ಲ ಮನುಷ್ಯ ಎಂದರು. ಆಮೇಲೆ, ತೊರೆಯಲ್ಲಿ ಸಿಕ್ಕ ಪಟ್ಟಿಯ ಜಾಗವೂ ಆ ಊರಿಂದ ದೂರವಿಲ್ಲ ಎಂದರು. ಕೊನೆಗೆ, "ನಿನಗೆ ಏನು ಮಾಡಬೇಕು ಅನ್ಸುತ್ತೆ?" ಎಂದು ಕೇಳಿದರು.

"ಅವರಿಗೆ ಕಾಣೋ ನಕ್ಷೆಯನ್ನ ಮೂರು ದಿನ ಹಿಂದಕ್ಕೆ ಇಡೋಣ. ಹಳೆ ಚುಕ್ಕೆ ಕಾಣಲಿ, ಹೊಸದು ಬೇಡ."

"ಕೇಳಿದ್ರೆ?"

"ಸರ್ವರ್ ತೊಂದರೆ ಅಂತ ಹೇಳ್ತೀನಿ."

ಅವರು ಒಪ್ಪಿದರು. ಇಷ್ಟವಿಲ್ಲದೆ ಒಪ್ಪಿದರು, ಆದರೆ ಒಪ್ಪಿದರು. ಸೋಮವಾರ ರಾತ್ರಿ ಕೋಡಿನಲ್ಲಿ ಎರಡು ಸಾಲು ಬದಲಾಯಿಸಿದೆ. ಐದು ನಿಮಿಷದ ಕೆಲಸ.

ಮಂಗಳವಾರ ಬೆಳಿಗ್ಗೆ ಆರೂ ಹತ್ತಕ್ಕೆ ಫೋನ್ ಬಂತು. ಜಾಡುಗಾರರು ನನಗೆ ಯಾವತ್ತೂ ಫೋನ್ ಮಾಡಿದವರಲ್ಲ.

"ನಕ್ಷೆ ನಿಂತುಹೋಗಿದೆ. ಶನಿವಾರದ್ದೇ ತೋರಿಸ್ತಿದೆ."

"ಸರ್ವರ್‌ನಲ್ಲಿ ಏನೋ ತೊಂದರೆ. ಸರಿ ಮಾಡ್ತಿದ್ದೀವಿ."

"ಯಾವಾಗ ಸರಿಹೋಗತ್ತೆ?"

"ಹೇಳೋಕಾಗಲ್ಲ."

"ನಿನಗೆ ಕಾಣುತ್ತಲ್ಲ? ಜಾಗ ಹೇಳಬೇಡ. ಹತ್ತಿರ ಇದ್ದಾಳಾ ಇಲ್ವಾ, ಅಷ್ಟು ಹೇಳು."

ಅವರ ಮಾತಿನಲ್ಲಿ ಆತುರವಿತ್ತು. ಆ ಆತುರವೇ ನನಗೆ ಸಾಕ್ಷಿಯಾಗಿ ಕಂಡಿತು. "ನನಗೂ ಕಾಣ್ತಿಲ್ಲ" ಎಂದೆ. ಹಾಗೆನ್ನುವಾಗ ಹದಿನೇಳರ ಚುಕ್ಕೆ ನನ್ನ ಮುಂದೆಯೇ ಇತ್ತು, ಅವರ ಮನೆಯಿಂದ ಇನ್ನೂರ ಹತ್ತು ಮೀಟರ್ ದೂರದಲ್ಲಿ. ಫೋನ್ ಇಟ್ಟ ಮೇಲೆ ಅವರ ಮಾತನ್ನು ಪದ ಬಿಡದೆ ಬರೆದುಕೊಂಡು, ಪಕ್ಕದಲ್ಲಿ ಸಮಯ ಹಾಕಿದೆ.

ಗುರುವಾರ ಕಚೇರಿಗೆ ಬಂದು ನಕ್ಷೆ ತೆರೆದಾಗ ಚುಕ್ಕೆಗಳು ಊರಂಚಿನಲ್ಲಿ ಇರಲಿಲ್ಲ. ಬೆಳಿಗ್ಗೆ ಆರೂವರೆಗೆ ಮನೆಯಿಂದ ಇನ್ನೂರ ನಲವತ್ತು ಮೀಟರ್. ಏಳಕ್ಕೆ ಎರಡು ಕಿಲೋಮೀಟರ್. ಎಂಟಕ್ಕೆ ನಾಲ್ಕು, ಅದೂ ಉತ್ತರಕ್ಕೆ, ಗುಡ್ಡದ ಕಡೆಗೆ. ಮರಿಗಳಿರುವ ಕರಡಿ ಹಾಗೆ ಸರಳ ರೇಖೆಯಲ್ಲಿ ಓಡುವುದಿಲ್ಲ, ಏನೋ ಓಡಿಸಬೇಕು. ಬಂದೂಕಿನ ಸದ್ದಿರಬೇಕು, ಕೊನೆಗೂ ಜಾಡುಗಾರರು ಸಿಕ್ಕಿಬಿದ್ದರು ಎಂದುಕೊಂಡೆ. ಆ ಕ್ಷಣ ನನಗೆ ಭಯಕ್ಕಿಂತ ಸಮಾಧಾನ ಹೆಚ್ಚಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಆಮೇಲೆ ಮುಖ್ಯಸ್ಥೆ ಬಂದು ನನ್ನ ಹಿಂದೆ ನಿಂತು, "ಗಂಡು ಕರಡಿಯ ಚುಕ್ಕೆ ಹಾಕು" ಎಂದರು.

ಆ ಕಾಡಿನಲ್ಲಿ ಕಾಲರ್ ತೊಟ್ಟ ದೊಡ್ಡ ಗಂಡು ಒಂದಿತ್ತು. ಅದರ ಎರಡು ವಾರದ ಚುಕ್ಕೆಗಳನ್ನು ಅದೇ ನಕ್ಷೆಯ ಮೇಲೆ ತೆರೆದೆ. ಅಷ್ಟು ದಿನ ನಾನು ಹದಿನೇಳನ್ನೂ ಮನುಷ್ಯರನ್ನೂ ಮಾತ್ರ ನೋಡಿದ್ದೆ, ಇದನ್ನು ಒಮ್ಮೆಯೂ ಜೊತೆಗಿಟ್ಟು ನೋಡಿರಲಿಲ್ಲ. ಗಂಡಿನ ಚುಕ್ಕೆಗಳು ಕಾಡನ್ನೆಲ್ಲ ತುಂಬಿದ್ದವು, ಐದು ಮನೆಗಳ ಸುತ್ತ ಮಾತ್ರ ಸುಮಾರು ಎರಡು ಕಿಲೋಮೀಟರಿನಷ್ಟು ಖಾಲಿ ಜಾಗ ಉಳಿದಿತ್ತು. ಹದಿನೇಳು ಮೂರು ಮರಿಗಳನ್ನು ಕಟ್ಟಿಕೊಂಡು ಎರಡು ವಾರ ಆ ಖಾಲಿ ಜಾಗದ ಒಳಗೇ ಇದ್ದಳು. ಆ ಬೆಳಿಗ್ಗೆ ಅದರಿಂದ ಹೊರಗೆ ಬಂದಿದ್ದಳು. ಮಧ್ಯಾಹ್ನ ಎರಡರ ಹೊತ್ತಿಗೆ ಗಂಡಿನ ಚುಕ್ಕೆಯೂ ಅವಳ ಚುಕ್ಕೆಯೂ ಗುಡ್ಡದ ಬುಡದಲ್ಲಿ ಒಂದರ ಮೇಲೊಂದು ಬಿದ್ದವು. ನಾವಿಬ್ಬರೂ ಅದನ್ನು ಪರದೆಯ ಮೇಲೆ ನೋಡುತ್ತಲೇ ಇದ್ದೆವು. ಅರ್ಧ ಗಂಟೆಗೊಂದು ಚುಕ್ಕೆ. ಮಾಡಲು ಏನೂ ಇರಲಿಲ್ಲ.

ಎರಡೂ ಕರಡಿಗಳು ಅಲ್ಲಿಂದ ದೂರ ಸರಿದದ್ದು ಶನಿವಾರ. ಮುಖ್ಯಸ್ಥೆ, ಜಾಡುಗಾರರು, ನಾನು ಮೂವರೂ ಹೋದೆವು. ಗುಡ್ಡದ ಬುಡದ ಪೈನ್ ಮರಗಳ ಕೆಳಗೆ ಪಾಚಿ ಕಿತ್ತುಹೋಗಿತ್ತು. ಒಂದು ಮರದ ತೊಗಟೆ ಎರಡಾಳೆತ್ತರದವರೆಗೂ ಸುಲಿದಿತ್ತು. ಮೊದಲ ಮರಿಯದ್ದು ಚರ್ಮದ ತುಂಡು ಮತ್ತು ಒಂದು ಮುಂಗಾಲು ಸಿಕ್ಕಿತು. ಅದರ ಪಂಜದ ಅಗಲ ನನ್ನ ಹೆಬ್ಬೆರಳಿನ ಉದ್ದದಷ್ಟೇ. ಎರಡನೆಯದು ಮೂವತ್ತು ಮೀಟರ್ ಆಚೆ ಸಿಕ್ಕಿತು. ಮೂರನೆಯದು ಸಿಗಲಿಲ್ಲ. ಎರಡು ಗಂಟೆ ಹುಡುಕಿದೆವು. ನಾನು ಫೋಟೋ ತೆಗೆದೆ, ಅಳತೆ ಪಟ್ಟಿ ಇಟ್ಟೆ, ಚೀಲಗಳ ಮೇಲೆ ನಂಬರ್ ಬರೆದೆ. ಅವತ್ತು ಮಗ್ಗಿ ಬಾಯಿಗೆ ಬರಲಿಲ್ಲ. ಮುಖ್ಯಸ್ಥೆಯೇ ಆಗಾಗ ಕೂಗು ಹಾಕುತ್ತಿದ್ದರು.

ಜಾಡುಗಾರರು ಒಂದು ಬೊಡ್ಡೆಯ ಮೇಲೆ ಕೂತರು. ತಾವಾಗಿಯೇ ಮಾತು ತೆಗೆದರು.

"ನನ್ನ ನಾಯಿಗಳು. ಗುರುವಾರ ಬೆಳಿಗ್ಗೆ ಕೆನಲ್ಲಿಂದ ಅಂಗಳಕ್ಕೆ ಬಿಟ್ಟೆ. ಮೂರು ದಿನ ಒಳಗೇ ಇಟ್ಟಿದ್ದೆ, ಇನ್ನು ಆಗಲಿಲ್ಲ, ಕಂಬಿ ಕಚ್ಚಿ ಬಾಯೆಲ್ಲ ರಕ್ತ. ಅವಳ ವಾಸನೆ ಸಿಕ್ತು. ಬೇಲಿ ಹಾರಿ ಹೋದವು. ಕರೆದು ತರೋ ಹೊತ್ತಿಗೆ ಮುಗಿದಿತ್ತು."

"ಅವಳು ಹತ್ತಿರ ಇರೋದು ಗೊತ್ತಿತ್ತಾ?" ಎಂದರು ಮುಖ್ಯಸ್ಥೆ.

"ಶ್ಯುಪ್." ಆಮೇಲೆ ಒಂದೊಂದೇ ವಾಕ್ಯ ಬಂತು. ಮೇ ಕೊನೆಯಲ್ಲಿ ಕಿಟಕಿಯಿಂದಲೇ ಅವಳನ್ನು ನೋಡಿದ್ದರು. ಜಿಂಕೆಗಳಿಗೆಂದು ಚಳಿಗಾಲದಲ್ಲಿ ಹಾಕುತ್ತಿದ್ದ ಓಟ್ಸ್ ಡ್ರಮ್ಮನ್ನು, ವಾಸನೆಗೆ ಅವಳು ಅಂಗಳಕ್ಕೇ ಬಂದಾಳೆಂದು, ಅವತ್ತೇ ಕೊಟ್ಟಿಗೆಯೊಳಗೆ ಎಳೆದಿದ್ದರು. ದಿನಾ ಬೆಳಿಗ್ಗೆ, ಸಂಜೆ ನಕ್ಷೆ ನೋಡಿ, ಅವಳು ದೂರ ಇದ್ದರೆ ಮಾತ್ರ ನಾಯಿ ಬಿಡುತ್ತಿದ್ದರು. ಯಾರಿಗೂ ಹೇಳಿರಲಿಲ್ಲ. ಊರಿಗೆ ಗೊತ್ತಾದರೆ ಮೇಲಿನ ಕಚೇರಿಗೆ ದೂರು ಹೋಗುತ್ತದೆ, ಕರಡಿಯನ್ನು ಓಡಿಸಿ, ಇಲ್ಲವೇ ಹೊಡೆಯಿರಿ ಎನ್ನುತ್ತಾರೆ. ನಮಗೆ ಹೇಳಿದರೆ, ನಕ್ಷೆಯನ್ನು ಸ್ವಂತಕ್ಕೆ ನೋಡುವಂತಿಲ್ಲ ಎಂದು ನಾವು ಲಾಗಿನ್ ತೆಗೆದುಬಿಡುತ್ತೇವೆ.

"ಗಂಡು ಹೋದ ಮೇಲೆ ತಾನಾಗಿ ಹೋಗ್ತಾಳೆ ಅಂದ್ಕೊಂಡೆ. ಇನ್ನೊಂದು ಎರಡು ವಾರ. ನಿಮ್ಮ ಸರ್ವರ್ ಕೆಡದೇ ಇದ್ದಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿ, ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡರು. "ನಾಯಿ ನಂದು. ನಾನು ಕಟ್ಟಬೇಕಿತ್ತು."

ಮುಖ್ಯಸ್ಥೆ ನನ್ನ ಕಡೆ ನೋಡಲಿಲ್ಲ. ನಾನು ಚೀಲದ ಬಾಯಿ ಕಟ್ಟುತ್ತಿದ್ದೆ. ಕಟ್ಟಿದ್ದನ್ನೇ ಮತ್ತೆ ಕಟ್ಟುತ್ತಿದ್ದೆ.

ಹಿಂದಿರುಗುವಾಗ ಕಾರನ್ನು ಮುಖ್ಯಸ್ಥೆ ಓಡಿಸುತ್ತಿದ್ದರು. ಡಾಂಬರು ರಸ್ತೆಗೆ ಬಂದ ಮೇಲೆ ಹೇಳಿದರು: "ಸರ್ವರ್ ವಿಷಯ ಅವನಿಗೆ ಹೇಳಲೇಬೇಕು ಅಂತಿಲ್ಲ. ಗಂಡು ಹೇಗೂ ಹುಡುಕ್ತಾ ಇತ್ತು. ನಾಳೆಯೋ ನಾಳಿದ್ದೋ ಇದೇ ಆಗಬಹುದಿತ್ತು. ಚುಕ್ಕೆಗಳು ಕಾರಣ ಹೇಳೋದಿಲ್ಲ. ಅವನು ಬಿಟ್ಟುಹೋದ್ರೆ ಆ ಕಣಿವೆಯಲ್ಲಿ ನಮಗೆ ಬಾಗಿಲು ತೆಗೆಯೋರು ಇರಲ್ಲ. ಯೋಚನೆ ಮಾಡು."

ಅವರು ಹೇಳಿದ್ದು ಸುಳ್ಳಲ್ಲ. ಚುಕ್ಕೆಗಳು ಕಾರಣ ಹೇಳುವುದಿಲ್ಲ ಎಂಬುದೂ ನಿಜ. ಆದರೆ ಎರಡು ವಾರ ನಾನು ಅವುಗಳಿಂದ ಕಾರಣವನ್ನೇ ಹೇಳಿಸಿದ್ದೆ. ಹಿಕ್ಕೆಯ ವಿಷಯವನ್ನು ಕಾರಿನಲ್ಲೇ ಹೇಳಿಬಿಟ್ಟೆ: ಧಾನ್ಯ ಇರಲಿಲ್ಲ, ಬೇಕೆಂದೇ ಇಮೇಲಿನಲ್ಲಿ ಬರೆಯಲಿಲ್ಲ. ಮುಖ್ಯಸ್ಥೆ ಸ್ಟಿಯರಿಂಗ್ ಮೇಲಿನ ಕೈ ಬದಲಾಯಿಸಿದರು, ಅಷ್ಟೇ.

ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದೆ. ತಮಾಷೆ ಮಾಡುತ್ತಾನೆ ಎಂದುಕೊಂಡಿದ್ದೆ, ಮಾಡಲಿಲ್ಲ.

"ಫೋನ್‌ನಲ್ಲಿ ಹೇಳ್ಬೇಡ" ಎಂದ. "ಹೋಗು. ಬೇಕಾದ್ರೆ ನಾನೂ ಬರ್ತೀನಿ, ಕಾರಲ್ಲಿ ಕೂತಿರ್ತೀನಿ."

ಒಬ್ಬಳೇ ಹೋದೆ. ಸೋಮವಾರ ರಜೆ ಹಾಕಿ ಮತ್ತೆ ಎರಡೂವರೆ ಗಂಟೆ. ಜಾಡುಗಾರರು ಅಂಗಳದಲ್ಲಿ ಬೇಲಿಗೆ ಇನ್ನೊಂದು ಸಾಲು ತಂತಿ ಕಟ್ಟುತ್ತಿದ್ದರು. ಕಾಫಿ ತಂದರು, ಮೆಟ್ಟಿಲ ಮೇಲೆ ಕೂತೆವು. ದಾರಿಯಲ್ಲಿ ಸ್ವೀಡಿಷ್‌ನಲ್ಲಿ ಏನೇನೋ ವಾಕ್ಯಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಒಂದೂ ನೆನಪಾಗಲಿಲ್ಲ.

"ಸರ್ವರ್ ಕೆಟ್ಟಿರಲಿಲ್ಲ. ನಾನು ನಿಮ್ಮ ನಕ್ಷೆ ನಿಲ್ಲಿಸಿದ್ದೆ. ನೀವು ಅವಳಿಗೆ ಮೇವು ಹಾಕ್ತಿದ್ದೀರಿ, ಬೇಟೆಗೆ ಅಂತ ಅಂದುಕೊಂಡೆ. ನೀವು ಫೋನ್ ಮಾಡಿದಾಗ ಅವಳು ಇನ್ನೂರ ಹತ್ತು ಮೀಟರ್ ದೂರದಲ್ಲಿದ್ದಳು. ನನಗೆ ಕಾಣ್ತಿತ್ತು."

ಅವರು ಲೋಟವನ್ನು ಮೆಟ್ಟಿಲ ಮೇಲೆ ಇಟ್ಟರು. ಸೊಳ್ಳೆಗಳು ಅವರ ಕೈಮೇಲೆ ಕೂರುತ್ತಿದ್ದವು, ಓಡಿಸಲಿಲ್ಲ.

"ಹೋದ ವರ್ಷದ ಕಾಲರ್. ಅದೂ ನಾನೇ ಅಂದುಕೊಂಡೆಯಾ?"

"ಹೌದು."

"ಅವಳೂ?" ಮುಖ್ಯಸ್ಥೆಯ ವಿಷಯ ಕೇಳಿದ್ದು.

ನಾನೂ ನನ್ನ ಲೋಟವನ್ನು ಕೆಳಗಿಟ್ಟೆ. ಅವರಿಗೆ ಅಷ್ಟು ಸಾಕಾಯಿತು.

"ಐದು ಬೇಸಿಗೆ ನಿನ್ನ ಜೊತೆ ಕಾಡಲ್ಲಿ ನಡೆದೆ" ಎಂದರು. ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಕೇಳಬಹುದಿತ್ತು."

ಎದ್ದು ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ನಮ್ಮ ವಾಕಿಟಾಕಿ, ಕಾಡಿನ ಗೇಟುಗಳ ಬೀಗದ ಕೈ ಗೊಂಚಲು, ತಂಡದ ಹಸಿರು ಜಾಕೆಟ್ ಇದ್ದವು. ಜಾಕೆಟನ್ನು ನೀಟಾಗಿ ಮಡಿಸಿದ್ದರು. ಒಂದೊಂದಾಗಿ ನನ್ನ ಕೈಗೆ ಕೊಟ್ಟರು. ಹೋಗುವಾಗ, ಜಲ್ಲಿ ರಸ್ತೆಯ ಮೂರನೇ ತಿರುವಿನಲ್ಲಿ ಮಣ್ಣು ಕುಸಿದಿದೆ, ನಿಧಾನ ಹೋಗು ಎಂದರು.

ಆ ಬೇಸಿಗೆಯ ಉಳಿದ ಕೆಲಸ ನಿಧಾನವಾಗಿ ಸಾಗಿತು. ಆ ಕಣಿವೆಯಲ್ಲಿ ಗೇಟು ತೆರೆಯಲು ಪ್ರತಿ ಸಲ ಯಾರನ್ನಾದರೂ ಬೇಡಿಕೊಳ್ಳಬೇಕಾಯಿತು. ಲಾಗಿನ್ ದಾಖಲೆಯಲ್ಲಿ ಯಾರ ಮೇಲಾದರೂ ಅನುಮಾನ ಬಂದರೆ ಮೊದಲು ಆ ಮನುಷ್ಯನನ್ನೇ ಕೇಳಬೇಕು, ಆಮೇಲೆ ಉಳಿದದ್ದು ಎಂದು ಒಂದು ಪುಟದ ನಿಯಮ ಬರೆದು ಮುಖ್ಯಸ್ಥೆಗೆ ಕೊಟ್ಟೆ. ಅವರು ಸಹಿ ಹಾಕಿದರು. ನನ್ನ ಇಮೇಲಿನ ವಿಷಯ ಮತ್ತೆ ಎತ್ತಲಿಲ್ಲ. ಆದರೆ ನಾನು ಕಳಿಸುವ ವರದಿಗಳ ಜೊತೆಗೆ ಮೂಲ ಫಾರಂಗಳನ್ನೂ ತರಿಸಿಕೊಂಡು ನೋಡತೊಡಗಿದರು. ನನ್ನ ಮೇಲೂ ಒಂದು ಕಣ್ಣು. ಅದರಲ್ಲಿ ತಪ್ಪು ಹುಡುಕುವ ಹಕ್ಕು ನನಗಿರಲಿಲ್ಲ.

ಹದಿನೇಳು ಜುಲೈನಲ್ಲಿ ಮರ ಕಡಿದು ತೆರವು ಮಾಡಿದ ಕಾಡಿನಲ್ಲಿ ಇರುವೆ ಗೂಡುಗಳನ್ನು ಒಡೆಯುತ್ತಾ, ಆಗಸ್ಟ್‌ನಲ್ಲಿ ಬ್ಲೂಬೆರಿ ಪೊದೆಗಳಲ್ಲಿ ದಿನಕ್ಕೆ ಹಲವು ಗಂಟೆ ನಿಂತು ತಿನ್ನುತ್ತಾ ಇದ್ದಳು. ಚಳಿನಿದ್ದೆಗೆ ಮೊದಲು ಕೊಬ್ಬು ತುಂಬಿಕೊಳ್ಳಬೇಕು. ಚುಕ್ಕೆಗಳು ಎಲ್ಲವನ್ನೂ ಹೇಳಿದವು, ಒಂದನ್ನು ಬಿಟ್ಟು. ಮರಿಗಳಿಗೆ ಕಾಲರ್ ಇರುವುದಿಲ್ಲ. ಮೂರನೆಯ ಮರಿ ಬದುಕಿದೆಯೇ ಎಂಬುದು ನಮಗೆ ಗೊತ್ತಿರಲಿಲ್ಲ. ಎರಡು ಸಲ ದೂರದಿಂದ ನೋಡಲು ಹೋಗಿ ಪೊದೆಗಳಲ್ಲಿ ಏನೂ ಕಾಣದೆ ಬಂದಿದ್ದೆವು. ಅದು ಗೊತ್ತಾಗಬೇಕಿತ್ತು. ಮರಿಯ ಜೊತೆಗಿರುವ ತಾಯಿಯನ್ನು ಬೇಟೆಯಾಡುವಂತಿಲ್ಲ. ಮರಿ ಇಲ್ಲದ ಹೆಣ್ಣನ್ನು ಆಡಬಹುದು.

ಬೇಟೆ ಶುರುವಾದ ದಿನ ನಾನು ಕಚೇರಿಯಲ್ಲಿ ಚುಕ್ಕೆಗಳ ಮುಂದೆ ಕೂತೆ. ಅರ್ಧ ಗಂಟೆಗೊಮ್ಮೆ ಬರುತ್ತಲೇ ಇದ್ದವು. ಮಧ್ಯಾಹ್ನದ ಹೊತ್ತಿಗೆ ಅವಳು ಜೋರಾಗಿ ಓಡಿ, ಒಂದು ಜಾಗದಲ್ಲಿ ಒಂದು ಗಂಟೆ ಕದಲದೆ ನಿಂತಳು. ನಾಯಿಗಳು ಅಡ್ಡಗಟ್ಟಿದಾಗ ಕರಡಿ ಹಾಗೆ ನಿಲ್ಲುತ್ತದೆ. ಗುಂಡು ತಗುಲಿದ ಕರಡಿಯೂ ಹಾಗೆಯೇ ನಿಲ್ಲುತ್ತದೆ. ನಾನು ಊಟಕ್ಕೆ ಏಳಲಿಲ್ಲ. ಎರಡೂವರೆಯ ಚುಕ್ಕೆ ಮುನ್ನೂರು ಮೀಟರ್ ಪಶ್ಚಿಮಕ್ಕೆ ಬಿತ್ತು. ಮೂರರದ್ದು ಇನ್ನೂ ಮುಂದೆ.

ನಾಲ್ಕು ದಿನದ ನಂತರ ಅಂಚೆಯಲ್ಲಿ ಒಂದು ಫಾರಂ ಬಂತು. ಊರಿನವರು ಕರಡಿ ಕಂಡರೆ ತುಂಬಿ ಕಳಿಸುವ ಸಾಮಾನ್ಯ ಫಾರಂ. ಪೆನ್ಸಿಲಿನಲ್ಲಿ ಬರೆದಿತ್ತು. ಬೇಟೆಯ ಮೊದಲ ದಿನ, ಮಧ್ಯಾಹ್ನ, ಕಾಲರ್ ತೊಟ್ಟ ಹೆಣ್ಣು, ಜೊತೆಗೆ ಒಂದು ಮರಿ. ಮರಿ ಮರ ಹತ್ತಿತ್ತು. ನಾಯಿಗಳನ್ನು ಹಿಂದಕ್ಕೆ ಕರೆದುಕೊಂಡೆವು. ಮರಿ ಇಳಿಯುವವರೆಗೂ ದೂರದಲ್ಲಿ ಕಾದೆ. ಆರೋಗ್ಯವಾಗಿದೆ, ಹೊಟ್ಟೆ ತುಂಬಿದೆ. ಕೆಳಗೆ ಜಾಡುಗಾರರ ಸಹಿ ಇತ್ತು, ವೃತ್ತಿಯ ಕಡೆ 'ಖಾಸಗಿ ವ್ಯಕ್ತಿ' ಎಂದಿತ್ತು.

ಇಂಥ ವರದಿಗಳನ್ನು ದಾಖಲಿಸುವಾಗ ನಾನು ಒಂದು ದರ್ಜೆ ಕೊಡಬೇಕು: ಖಚಿತ, ಸಂಭಾವ್ಯ, ಸಂದೇಹಾಸ್ಪದ. ಫೋಟೋ ಇಲ್ಲದ ವರದಿಗೆ 'ಖಚಿತ' ಕೊಡುವಂತಿಲ್ಲ. ಫೋಟೋ ಇರಲಿಲ್ಲ. ನಾನು 'ಖಚಿತ' ಎಂದು ಹಾಕಿದೆ. ವಾರದ ಪರಿಶೀಲನೆಯಲ್ಲಿ ಮುಖ್ಯಸ್ಥೆ ಆ ಸಾಲಿನ ಮೇಲೆ ಸ್ವಲ್ಪ ಹೊತ್ತು ನಿಂತರು, ನನ್ನತ್ತ ನೋಡಿದರು, ಮುಂದಿನ ಸಾಲಿಗೆ ಹೋದರು.

ಫಾರಂನ ಕೊನೆಯಲ್ಲಿ ಒಂದು ಪ್ರಶ್ನೆ ಇರುತ್ತದೆ: ಹೆಚ್ಚಿನ ಮಾಹಿತಿಗೆ ನಿಮ್ಮನ್ನು ಸಂಪರ್ಕಿಸಬಹುದೇ? ಜಾಡುಗಾರರು 'ಬೇಡ' ಎಂಬಲ್ಲಿ ಗುರುತು ಹಾಕಿದ್ದರು. ಅದನ್ನೂ ಹಾಗೆಯೇ ದಾಖಲಿಸಿದೆ.